ಬೀಗರ ಬಸ್ಸಿನ ಕೊಳೆ

ನಮ್ಮ ಬೀಗರಿಗೆ ಹೊಸ ವಸ್ತು ಕಂಡರೆ ಆಗುವುದಿಲ್ಲ. ಫಳಫಳ ಹೊಳೆಯುವ ಏನನ್ನಾದರೂ ಅವರ ಕೈಗೆ ಕೊಟ್ಟು ನೋಡಿ, ತಿಂಗಳು ತುಂಬುವುದರೊಳಗೆ ಅದಕ್ಕೆ ಮೂವತ್ತು ವರ್ಷ ವಯಸ್ಸಾಗಿರುತ್ತದೆ. ನನ್ನ ತಂಟೆಗೆ ಮಾತ್ರ ಅವರು ಬಂದಿಲ್ಲ. ನಾನು ಈ ಮನೆಗೆ ಬರುವ ಹೊತ್ತಿಗೇ ತುಕ್ಕು ಹಿಡಿದಿದ್ದೆ, ಅವರಿಗೆ ಮಾಡಲು ಕೆಲಸವೇನೂ ಉಳಿದಿರಲಿಲ್ಲ.

ಬೀಗರೆಂದರೆ ನನ್ನ ಮಗಳ ಮಾವ. ಮನೆ ಪಾಂಡವಪುರದಲ್ಲಿ. ಮೂವತ್ತು ವರ್ಷ ಖಾಸಗಿ ಬಸ್ಸಿನ ಡ್ರೈವರಾಗಿದ್ದವರು. ಹೆಂಡತಿ ತೀರಿಕೊಂಡಿದ್ದಾರೆ. ಮಗ, ಅಂದರೆ ನನ್ನ ಅಳಿಯ, ಹಾಲಿನ ವ್ಯಾನು ಓಡಿಸುತ್ತಾನೆ. ಸೊಸೆ, ಅಂದರೆ ನನ್ನ ಮಗಳು, ಸ್ಕೂಲಿನಲ್ಲಿ ಟೀಚರು. ಇವರ ಮಧ್ಯೆ ನನಗೇನು ಕೆಲಸ ಎಂದು ಕೇಳುತ್ತೀರಾ? ಕೆ.ಆರ್. ಪೇಟೆ ಪಕ್ಕದ ನನ್ನೂರು ಶೀಳನೆರೆಯಿಂದ ಮಂಡಿನೋವಿಗೆ ಔಷಧಿ ತೆಗೆದುಕೊಳ್ಳಲು ಹದಿನೈದು ದಿನಕ್ಕೆಂದು ಬಂದೆ. ನಾಲ್ಕು ವರ್ಷವಾಯಿತು. ಮಂಡಿ ವಾಸಿಯಾಗಿ ಮೂರು ವರ್ಷವಾಯಿತು. ಮಗಳ ಮನೆಯಲ್ಲಿ ಹೀಗೆ ಬೇರು ಬಿಟ್ಟವಳು ಬೀಗರನ್ನು ಆಡಿಕೊಳ್ಳಬಾರದು, ನಿಜ. ಆದರೆ ಆಡಿಕೊಳ್ಳದೆ ಇರಲು ಅವರೇ ಬಿಡುವುದಿಲ್ಲವಲ್ಲ.

ಅವರ ಕಸುಬು ಹೀಗಿದೆ. ನಡುಮನೆಯ ಕಿಟಕಿ ಪಕ್ಕದಲ್ಲಿ, ಅವರ ಹೆಂಡತಿ ಬಟ್ಟೆ ಹೊಲಿಯುತ್ತಿದ್ದ ಹಳೇ ಮೆಷಿನ್ನಿನ ಮೇಜಿದೆ. ಅದರ ಮುಂದೆ ಕೂತು ಗೇಣುದ್ದದ ಲಾರಿ, ಬೊಗಸೆಯಲ್ಲಿ ಹಿಡಿಯುವಷ್ಟು ಟ್ರಾಕ್ಟರು, ಹೆಬ್ಬೆಟ್ಟಿನಷ್ಟು ಎಂಜಿನ್ನು ಮಾಡುತ್ತಾರೆ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ, ಉಜ್ಜಿ, ಬಣ್ಣ ಹೊಡೆದು ಮುಗಿಸಿದರೆ ಎಷ್ಟು ಚೆನ್ನಾಗಿರುತ್ತದೆಂದರೆ, ಈಗತಾನೇ ಶೋರೂಮಿನಿಂದ ಇಳಿಸಿದ ಹಾಗೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ನಾಲ್ಕು ಜನಕ್ಕೆ ತೋರಿಸಿ ನಮ್ಮ ಬೀಗರು ಎಂದು ಹೇಳಿಕೊಳ್ಳುತ್ತಿದ್ದೆ. ಆದರೆ ಅವರ ನಿಜವಾದ ಕೆಲಸ ಶುರುವಾಗುವುದೇ ಆಮೇಲೆ. ಅಷ್ಟು ಮುದ್ದಾದ ಗಾಡಿಗೆ ಕೊಳೆ ಹಚ್ಚಲು ಕೂರುತ್ತಾರೆ!

ಐವತ್ತು ವರ್ಷ ನಾನು ಮಾಡಿದ ಕೆಲಸ ಒಂದೇ, ಕೊಳೆ ತೆಗೆಯುವುದು. ಪಾತ್ರೆಯದು, ಬಟ್ಟೆಯದು, ನೆಲದ್ದು, ಎಮ್ಮೆಯದು, ಮಕ್ಕಳದು, ಗಂಡನದು. ಇವರು ಮೈಸೂರಿಗೆ ಹೋಗಿ, ಚಿತ್ರ ಬರೆಯುವವರ ಅಂಗಡಿಯಲ್ಲಿ ಕೊಳೆಯನ್ನು ಟ್ಯೂಬಿನಲ್ಲಿ ತುಂಬಿಸಿಕೊಂಡು ಬರುತ್ತಾರೆ. ಆಯಿಲ್ ಪೇಂಟಂತೆ. ಅದನ್ನು ರಟ್ಟಿನ ಮೇಲೆ ಹಿಂಡಿ ಒಂದು ದಿನ ಬಿಟ್ಟರೆ ರಟ್ಟು ಎಣ್ಣೆ ಕುಡಿದು ಬಣ್ಣ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ಗಾಡಿಯ ಮೈಮೇಲೆ ಚುಕ್ಕಿ ಇಡಬೇಕು. ಆಮೇಲೆ ಟರ್ಪೆಂಟೈನಿನಲ್ಲಿ ನೆನೆದ ಸಣ್ಣ ಬ್ರಶ್ಶಿನಿಂದ ಚುಕ್ಕಿಯನ್ನು ಮೇಲಿಂದ ಕೆಳಕ್ಕೆ ಎಳೆಯಬೇಕು. ಮಳೆ ಬಿದ್ದು ತುಕ್ಕು ಇಳಿದ ಹಾಗೆ, ಧೂಳು ಕರಗಿ ಜಾರಿದ ಹಾಗೆ ಕಾಣಬೇಕು. ಇದನ್ನೆಲ್ಲ ಕಲಿಸಿದವನು ಫೋನಿನಲ್ಲಿ ಬರುವ ಯಾವುದೋ ಚಳಿದೇಶದ ಗಡ್ಡದವನು. ಅವನ ಭಾಷೆ ಇವರಿಗೆ ಬರುವುದಿಲ್ಲ. ಆದರೂ ಅವನು ಒಂದೊಂದು ಮಾತು ಮುಗಿಸಿದಾಗಲೂ ಇವರು ಹೂಂಗುಟ್ಟುತ್ತಾರೆ. ನಾನು ಮಾತಾಡಿದಾಗ ಒಂದು ದಿನವೂ ಹಾಗೆ ಹೂಂಗುಟ್ಟಿದವರಲ್ಲ.

ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ.

“ಬೀಗ್ರೇ, ಕೊಳೆ ಬೇಕು ಅಂದಿದ್ರೆ ನಮ್ ಬಚ್ಚಲಲ್ಲೇ ಬೇಕಾದಷ್ಟಿತ್ತಲ್ಲ. ಅದುಕ್ಯಾಕೆ ಮೈಸೂರ್ಗಂಟ ಓದ್ರಿ?”

ಅವರು ತಲೆಯೆತ್ತಲಿಲ್ಲ. “ಅದು ಬಚ್ಚಲ ಕೊಳೆ ಬೀಗ್ತಿ. ನನಗ್ ಬೇಕಾಗಿರೋದು ನಾಗಮಂಗಲದ ರಸ್ತೆ ಕೊಳೆ.”

ಆವತ್ತು ಅವರ ಮುಂದಿದ್ದದ್ದು ಬಸ್ಸು. ಎರಡು ಗೇಣುದ್ದ, ಹಸಿರು ಮೈ, ನಡುವೆ ಕೆನೆ ಬಣ್ಣದ ಪಟ್ಟಿ. ಅವರು ಓಡಿಸುತ್ತಿದ್ದ ಬಸ್ಸೇ ಅದು. ಕೆ.ಆರ್. ಪೇಟೆಯಲ್ಲಿ ಹೊರಟು ನಾಗಮಂಗಲ, ಅಲ್ಲಿಂದ ಪಾಂಡವಪುರ, ಕೊನೆಗೆ ಶ್ರೀರಂಗಪಟ್ಟಣ. ನನ್ನ ತವರು ನಾಗಮಂಗಲದ ಕಡೆ, ಹಾಗಾಗಿ ಆ ಬಸ್ಸು ನನಗೂ ಗೊತ್ತು. ಮಾಲೀಕರು ಅದನ್ನು ಗುಜರಿಗೆ ಹಾಕಿ ಎಷ್ಟೋ ವರ್ಷವಾಯಿತು. ಅದರದ್ದು ಒಂದು ಫೋಟೋ ಕೂಡ ಇಲ್ಲವಂತೆ. ಬಸ್ಸಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂದು ಆಗ ಯಾರಿಗೆ ಹೊಳೆಯುತ್ತಿತ್ತು? ಈಗ ಆ ಬಸ್ಸಿನ ಬಣ್ಣ, ಕೊಳೆ, ತಗ್ಗು, ಗೀರು ಎಲ್ಲವೂ ಇರುವುದು ಇವರೊಬ್ಬರ ತಲೆಯಲ್ಲಿ. ಅದು ಮಾಸುವುದರೊಳಗೆ ಇಳಿಸಿಬಿಡಬೇಕು ಎನ್ನುವುದು ಅವರ ಹಟ. ಹೊಸ ಬಸ್ಸಾದರೆ ಯಾರು ಬೇಕಾದರೂ ಮಾಡಬಹುದು, ಕೊಳೆ ಸರಿಯಾಗಿ ಬಂದರೆ ಮಾತ್ರ ಅದು ತನ್ನ ಬಸ್ಸು ಎನ್ನುತ್ತಿದ್ದರು. ನಾನು ಒಳಗೆ ಹೋಗಿ ಮಗಳ ಹತ್ತಿರ, ನಿಮ್ಮ ಮಾವನಿಗೆ ವಯಸ್ಸಾಯಿತು ಎಂದೆ.

ಬಂತು ಆಯುಧಪೂಜೆ.

ಅಂದು ಬೆಳಿಗ್ಗೆ ಬೀಗರು ಕ್ಷೌರಕ್ಕೆ ಹೋಗಿದ್ದರು. ಅಳಿಯ ವ್ಯಾನು ತೊಳೆಯುತ್ತಿದ್ದ, ಮಗಳು ಸ್ಕೂಟರು ಉಜ್ಜುತ್ತಿದ್ದಳು. ನಾನು ಕುಡುಗೋಲು, ಈಳಿಗೆ ಮಣೆ, ಒನಕೆ ಎಲ್ಲ ತೊಳೆದಿಟ್ಟೆ. ಇನ್ನೂ ಕೈಯಲ್ಲಿ ಹುಮ್ಮಸ್ಸು ಉಳಿದಿತ್ತು. ಒಳಗೆ ಬಂದರೆ ಮೇಜಿನ ಮೇಲೆ ಬಸ್ಸು! ಮೈತುಂಬ ತುಕ್ಕು, ಚಕ್ರಕ್ಕೆ ಕೆಸರು, ಕಿಟಕಿ ಕೆಳಗೆಲ್ಲ ಧೂಳಿಳಿದ ಗೆರೆ. ವರ್ಷಕ್ಕೊಂದು ದಿನ ಗಾಡಿಗೆ ನೀರು ಕಾಣಿಸುವ ಹಬ್ಬದಲ್ಲಿ, ಡ್ರೈವರಾಗಿದ್ದವರ ಮನೆಯಲ್ಲಿ, ಒಂದು ಬಸ್ಸು ಆ ಸ್ಥಿತಿಯಲ್ಲಿರುವುದೇ? ನನಗೆ ಸಹಿಸಲಾಗಲಿಲ್ಲ.

ಮೊದಲು ಸೀಗೆಪುಡಿ ಹಾಕಿದೆ. ಜಗ್ಗಲಿಲ್ಲ. ಹುಣಸೆಹಣ್ಣು ಹಾಕಿದೆ. ಅದಕ್ಕೂ ಜಗ್ಗಲಿಲ್ಲ. ಆಗ ನೆನಪಾಯಿತು, ರೇಷನ್ನಿನಲ್ಲಿ ಸೀಮೆಎಣ್ಣೆ ಕೊಡುತ್ತಿದ್ದ ಕಾಲದ ಒಂದು ಬಾಟಲಿಯನ್ನು ನಾನು ಸೀರೆಗಳ ನಡುವೆ ಬಚ್ಚಿಟ್ಟು ಶೀಳನೆರೆಯಿಂದ ತಂದಿದ್ದೆ. ಹಳೇ ಪಂಚೆಯ ತುಂಡಿಗೆ ಅದನ್ನು ಹಾಕಿ ಒಂದು ಸಲ ಒರೆಸಿದೆ ನೋಡಿ, ನನ್ನ ಜೀವಮಾನದಲ್ಲಿ ಅಷ್ಟು ಸಲೀಸಾಗಿ ಹೋದ ಕೊಳೆ ಇನ್ನೊಂದಿಲ್ಲ. ಹಸಿರು ಹಸಿರಾಗಿ ಬಂತು, ಕೆನೆ ಕೆನೆಯಾಗಿ ಬಂತು. ಆ ಖುಷಿಯಲ್ಲಿ ಕಪಾಟಿನಲ್ಲಿದ್ದ ಲಾರಿ, ಟ್ರಾಕ್ಟರು, ಜೀಪು ಎಲ್ಲವನ್ನೂ ಇಳಿಸಿ ಒರೆಸಿದೆ. ಸಾಲಾಗಿ ನಿಲ್ಲಿಸಿ ವಿಭೂತಿ ಎಳೆದೆ, ಕುಂಕುಮ ಇಟ್ಟೆ, ಸೇವಂತಿಗೆ ಎಸಳು ಅಂಟಿಸಿದೆ. ಚಕ್ರಕ್ಕೆ ನಿಂಬೆಹಣ್ಣಿಟ್ಟರೆ ಬಸ್ಸೇ ಮಗುಚಿಕೊಳ್ಳುತ್ತಿತ್ತು, ಹಿತ್ತಲಿನಿಂದ ಸುಂಡೆಕಾಯಿ ಕಿತ್ತು ತಂದು ಚಕ್ರಕ್ಕೊಂದು ಇಟ್ಟೆ. ಬೂದುಗುಂಬಳದ ಬದಲಿಗೆ ಒಂದು ತೊಂಡೆಕಾಯಿಯನ್ನು ಕೊಯ್ದು ಕುಂಕುಮ ತುಂಬಿದೆ. ಅಷ್ಟು ಅಚ್ಚುಕಟ್ಟಾದ ಪೂಜೆಯನ್ನು ನಿಜವಾದ ವ್ಯಾನಿಗೂ ಅಳಿಯ ಮಾಡಿರಲಿಲ್ಲ.

ಬೀಗರು ನುಣ್ಣಗೆ ಗಡ್ಡ ಹೆರೆಸಿಕೊಂಡು ಬಂದರು. ಬಸ್ಸಿನ ಮುಂದೆ ನಿಂತರು. ಕೂಗಾಡುತ್ತಾರೆ ಎಂದುಕೊಂಡೆ, ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು ಒಂದು ಲೋಟ ನೀರು ಕೇಳಿದರು.

“ಬೀಗ್ತಿ, ಮೂರು ತಿಂಗಳು” ಎಂದರು. ಅಷ್ಟೇ.

ಕಪಾಟಿನ ಗಾಡಿಗಳ ಕೊಳೆ ವಾರ್ನಿಷ್ ಇದ್ದದ್ದರಿಂದ ಉಳಿದಿತ್ತು, ಬಸ್ಸಿಗೆ ಮಾತ್ರ ಇನ್ನೂ ಅದನ್ನು ಹಾಕಿ ಭದ್ರ ಮಾಡಿರಲಿಲ್ಲವಂತೆ. ಹಬ್ಬ ಮುಗಿಸಿಕೊಂಡು ಹಾಕೋಣ ಎಂದಿದ್ದರಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಎರಡು ಒಬ್ಬಟ್ಟು ತಿಂದು ಮೂರನೆಯದು ಬೇಡವೆಂದರು. ಮೂರನೇ ಒಬ್ಬಟ್ಟನ್ನು ಅವರು ಬೇಡವೆಂದದ್ದು ನಾನು ನೋಡಿದ್ದು ಅದೇ ಮೊದಲು. ಮಗಳು ನನ್ನ ಕಡೆ ತಿರುಗಿಯೂ ನೋಡದೆ ಬಡಿಸಿದಳು. ಆಡುವವರು ನಾಲ್ಕು ಮಾತು ಆಡಿದ್ದರೆ ನಾನು ಎಂಟು ಆಡಿ ಗೆದ್ದುಬಿಡುತ್ತಿದ್ದೆ. ಸುಮ್ಮನಿರುವವರ ಜೊತೆ ಜಗಳವಾಡುವುದು ಹೇಗೆ? ಸಂಜೆ ನಾನೇ ಹೋಗಿ, ತೆಗೆದವಳು ನಾನು, ಹಾಕಿಕೊಡುವವಳೂ ನಾನೇ, ಏನು ಮಾಡಬೇಕು ಹೇಳಿ ಎಂದೆ. ಕೊಳೆ ತೆಗೆಯುತ್ತಲೇ ಮುದುಕಿಯಾದವಳು ಕೊಳೆ ಹಾಕಲು ಕೆಲಸಕ್ಕೆ ಸೇರಿದೆ.

ಮೊದಲ ತೊಡಕು ಟ್ಯೂಬಿನದು. ಹಳೆಯವು ಮುಗಿದಿದ್ದವು, ಹೊಸದಾಗಿ ತಂದ ಡಬ್ಬಿಯಲ್ಲಿ ಹತ್ತಾರು ಬಣ್ಣ ಬೆರೆತಿದ್ದವು. ಅದರ ಮೇಲೆಲ್ಲ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ನಮ್ಮಿಬ್ಬರಿಗೂ ಓದಲು ಬರುವುದಿಲ್ಲ. ಮಗಳು ಓದಿ ಹೇಳಿದರೆ ಬರ್ನ್ಟ್ ಅಂಬರ್, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್ ಎಂದು ದೊರೆಸಾನಿಗಳ ಹೆಸರಿನಂತೆ ಕೇಳಿಸುತ್ತವೆ, ಬಾಗಿಲು ದಾಟುವುದರೊಳಗೆ ಮರೆತುಹೋಗುತ್ತವೆ. ನಾನು ನನ್ನ ಹೆಸರಿಟ್ಟೆ. ಒಂದು ಹುರಿದ ರಾಗಿ, ಒಂದು ಹಳೇ ಹುಣಸೆಹಣ್ಣು, ಒಂದು ಅರಿಶಿನ, ಒಂದು ಪಾಕ ಮೀರಿದ ಬೆಲ್ಲ. ಗುರುತಿಗೆ ಒಂದೊಂದು ಟ್ಯೂಬಿಗೂ ಅದೇ ಸಾಮಾನನ್ನು ಅನ್ನದ ಅಗುಳಿನಿಂದ ಅಂಟಿಸಿದೆ. ಬೀಗರು ಮೆಚ್ಚಿಕೊಂಡು, ಗಡ್ಡದವನಿಗೂ ಇದು ಹೊಳೆದಿಲ್ಲ ಎಂದರು. ನಾನು ಉಬ್ಬಿಹೋದೆ. ಮರುದಿನ ಬೆಳಿಗ್ಗೆ ನೋಡಿದರೆ ಇರುವೆ ಸಾಲು. ಬೆಲ್ಲದ ಗುರುತು ಪೂರಾ ಹೋಗಿತ್ತು, ಅಗುಳಿನ ಆಸೆಗೆ ಮಿಕ್ಕ ಗುರುತುಗಳೂ ಅರ್ಧಕ್ಕರ್ಧ ಉದುರಿದ್ದವು. ಹೋಗಲಿ, ಕಣ್ಣಿದೆಯಲ್ಲ, ನೋಡಿಕೊಂಡೇ ಆರಿಸೋಣ ಎಂದೆ. ಆ ಮಾತನ್ನು ನೆನೆಸಿಕೊಂಡರೆ ಈಗಲೂ ಕೈ ಹಣೆಗೆ ಹೋಗುತ್ತದೆ.

ಬಣ್ಣ ಆರಿಸುವ ಮೊದಲು ಕೊಳೆಯ ಮಾದರಿ ಬೇಕಲ್ಲ. ಬೀಗರ ಮೊಪೆಡ್ಡಿನ ಹಿಂದೆ ಕೂತು ಹೊರಟೆ. ಬೀಗಿತ್ತಿಯನ್ನು ಕೂರಿಸಿಕೊಂಡು ಬೀಗರು ಊರೂರು ಸುತ್ತುವುದನ್ನು ನೋಡಿದ ಜನ ಏನೆಂದುಕೊಂಡರೋ, ನಾವಂತೂ ಮಣ್ಣಿಗೆ ಹೋಗುತ್ತಿದ್ದೆವು. ನಾಗಮಂಗಲದ ಕೆಂಪು ಮಣ್ಣು ಒಂದು ಕವರಿಗೆ, ಕೆ.ಆರ್. ಪೇಟೆ ದಾರಿಯ ಮರಳು ಮಿಶ್ರದ ಧೂಳು ಒಂದು ಕವರಿಗೆ. ನಾಲೆ ಬಯಲಿನ ಕಪ್ಪು ಕೆಸರಿಗೆ ಪಾಲಹಳ್ಳಿ ಕಡೆಗೆ ಹೋದೆವು. ಗದ್ದೆ ಬದುವಿನಲ್ಲಿ ನಾನು ಸೌಟಿನಲ್ಲಿ ಕೆಸರು ತೆಗೆಯುತ್ತಿದ್ದರೆ ಗದ್ದೆಯವನು ಓಡಿ ಬಂದ. ಸರ್ಕಾರದ ಕಡೆಯಿಂದ ಮಣ್ಣು ಪರೀಕ್ಷೆಗೆ ಬಂದವರು ಎಂದುಕೊಂಡಿದ್ದ. ಈ ಮಣ್ಣಿಗೆ ಏನು ಸೇರಿಸಬೇಕು ಎಂದು ಬೀಗರನ್ನು ಕೇಳಿದ.

ಬೀಗರು ಕೆಸರನ್ನು ಬೆರಳಿನಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಗಂಭೀರವಾಗಿ ಹೇಳಿದರು. “ಒಂಚೂರು ಕಪ್ಪು ಸೇರುಸ್ಬೇಕು. ಒಂದ್ ಎಳೆ ಹಸುರು. ಬಿಳೀದು ಬ್ಯಾಡವೇ ಬ್ಯಾಡ.”

ಅವನು ತಲೆಯಾಡಿಸಿದ. ಪಾಪ, ಯಾವ ಗೊಬ್ಬರ ತಂದು ಹಾಕಿದನೋ.

ಬರುವಾಗ ದಾರಿ ಪಕ್ಕದ ಹೊಲದಲ್ಲಿ ಯಾರೋ ಬಿಳೀ ಅಂಗಿಯವರು ನಿಂತಿದ್ದರು. ಬೀಗರು ಮೊಪೆಡ್ ನಿಧಾನ ಮಾಡಿ ಕೈಯೆತ್ತಿದರು. ನಾನೂ ನಮಸ್ಕಾರ ಮಾಡಿದೆ. ಆ ಮನುಷ್ಯ ಅಲುಗಾಡಲಿಲ್ಲ. ಮುಂದೆ ಬಂದ ಮೇಲೆ, ಎಷ್ಟು ಕೊಬ್ಬು ನೋಡಿ ಎಂದು ನಾನು ಬೈದೆ. ಬೀಗರು, ಮೊದಲಿನಿಂದಲೂ ಆ ಮನೆಯವರು ಹಾಗೆಯೇ ಎಂದರು. ಅದು ಬೆದರುಬೊಂಬೆ ಎಂದು ನನಗೆ ತಿಳಿದದ್ದು ಎರಡು ತಿಂಗಳಾದ ಮೇಲೆ, ಅದೇ ದಾರಿಯಲ್ಲಿ ಇನ್ನೊಮ್ಮೆ ಹೋದಾಗ. ಅವರು ಯಾವ ಮನೆಯವರನ್ನು ಅಂದರು ಎಂದು ನಾನು ಕೇಳಿಲ್ಲ.

ಆಮೇಲೆ ಎಂಟು ದಿನ ನಾವಿಬ್ಬರೂ ಕಿಟಕಿ ಪಕ್ಕ ಕೂತು ಬಸ್ಸಿಗೆ ಕೊಳೆ ಹಚ್ಚಿದೆವು. ಒಂದೊಂದು ಮಣ್ಣನ್ನೂ ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಟ್ಯೂಬನ್ನೂ ಹಿಂಡಿ, ಇದಾ ಅದಾ ಎಂದು ನೋಡಿದೆವು. ಆಶ್ಚರ್ಯವೆಂದರೆ ಒಂದು ಸಲವೂ ನಮ್ಮಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ. ಇದೇ ನಾಲೆ ಕೆಸರು ಎಂದು ಅವರು ಒಂದು ಟ್ಯೂಬು ತೋರಿಸಿದರೆ ನನಗೂ ಅದು ಥೇಟ್ ನಾಲೆ ಕೆಸರೇ. ತೀರಿಹೋದ ನನ್ನ ಗಂಡನ ಜೊತೆ ನಲವತ್ತು ವರ್ಷ ಬಾಳಿದೆ, ಸಾರಿನ ಉಪ್ಪಿನ ವಿಷಯಕ್ಕೂ ಇಷ್ಟು ಒಮ್ಮತ ಬಂದದ್ದಿಲ್ಲ. ಬೀಗರು ಚುಕ್ಕಿ ಇಟ್ಟರು, ಎಳೆದರು, ಕಣ್ಣು ಕಿರಿದು ಮಾಡಿ ನೋಡಿದರು. ಕೊನೆಗೆ ಕುರ್ಚಿಗೆ ಒರಗಿ, ಬಂತು ಬೀಗ್ತಿ, ನನ್ನ ಬಸ್ಸು ಬಂತು ಎಂದರು. ನನ್ನ ಪಾಪ ಪರಿಹಾರವಾಯಿತು ಎಂದು ನಾನು ಕಾಫಿ ಕಾಯಿಸಲು ಹೋದೆ.

ಸಂಜೆ ಮಗಳು ಸ್ಕೂಲಿನಿಂದ ಬಂದಳು. ನಾವಿಬ್ಬರೂ ಮೇಜಿನ ಆಚೆ ಈಚೆ ನಿಂತುಕೊಂಡೆವು. ಅವಳು ಬಸ್ಸನ್ನು ನೋಡಿದಳು. ನಮ್ಮನ್ನು ನೋಡಿದಳು. ಮತ್ತೆ ಬಸ್ಸನ್ನು ನೋಡಿದಳು.

“ಮಾವ, ಕೆಸರ್ಯಾಕೆ ನೇರಳೆ ಬಣ್ಣುಕ್ಕೈತೆ?”

“ನಾಲೆ ಕೆಸರು ಕಣವ್ವ. ನೀನು ಕಂಡಿಲ್ಲ.”

“ನಾಲೆ ಪಕ್ಕದಲ್ಲೇ ಪಾಠ ಮಾಡ್ತೀನಿ ಮಾವ. ಇದು ನೇರಳೆ.”

ನಾನು ಸುಮ್ಮನಿರಬಹುದಿತ್ತು. ನಿನಗೆ ಕಣ್ಣು ಸರಿಯಿಲ್ಲ, ಮೊದಲು ತೋರಿಸಿಕೋ ಎಂದು ಗದರಿದೆ. ಅಳಿಯನನ್ನು ಕರೆದೆ. ಅವನು ಹಾಲಿನ ಕ್ಯಾನು ಕೆಳಗಿಡದೆ, ನೇರಳೆ ಎಂದು ಹೋದ. ಪಕ್ಕದ ಮನೆಯವಳನ್ನು ಕರೆದೆ. ಅವಳು ಬಸ್ಸಿನ ಮೇಲೆ ನೇರಳೆಹಣ್ಣು ಹಿಂಡಿದ್ದೀರಾ ಎಂದು ಕೇಳಿದಳು. ಮಗಳು ಬೀರುವಿನಿಂದ ಎರಡು ರವಿಕೆ ತಂದು ಮುಂದಿಟ್ಟಳು. ಒಂದು ಕಾಫಿ ಬಣ್ಣ, ಒಂದು ನೇರಳೆ, ಯಾವುದು ಯಾವುದು ಹೇಳಿ ಎಂದಳು. ಬೀಗರು ಎಡಗಡೆಯದು ಕಾಫಿ ಎಂದರು. ನಾನೂ ಧೈರ್ಯವಾಗಿ ಎಡಗಡೆಯದೇ ಎಂದೆ. ನಮ್ಮ ಒಮ್ಮತ ಅಲ್ಲೂ ಮುರಿಯಲಿಲ್ಲ. ಎಡಗಡೆಯದು ನೇರಳೆ.

ಮಂಡ್ಯದ ಕಣ್ಣಿನ ಡಾಕ್ಟರು ಇಬ್ಬರನ್ನೂ ಪರೀಕ್ಷೆ ಮಾಡಿ, ನಾಲ್ಕು ಕಣ್ಣಿಗೂ ಪೊರೆ ಬಂದಿದೆ ಎಂದರು. ಪೊರೆ ಹಳದಿ ತಿರುಗಿದರೆ ನೀಲಿ, ನೇರಳೆಯೆಲ್ಲ ಕಂದಾಗಿ ಕಾಣುತ್ತದಂತೆ. ಇಲ್ಲಿಗೆ ಹೇಗೆ ಬಂದಿರಿ ಎಂದು ಕೇಳಿದರು. ಮೊಪೆಡ್ಡಿನ ಸುದ್ದಿ ಹೇಳದಂತೆ ಬೀಗರು ನನ್ನ ಕಾಲು ತುಳಿದರು.

ಆಪರೇಷನ್ ಎಂದ ಕೂಡಲೇ ಬೀಗರು ಒಲ್ಲೆ ಎಂದರು. ಮಗ ಹೇಳಿದ, ಸೊಸೆ ಹೇಳಿದಳು, ಒಲ್ಲೆ. ಮೂವತ್ತು ವರ್ಷ ಹೆದ್ದಾರಿಯಲ್ಲಿ ಲಾರಿಗಳಿಗೆ ಹೆದರದ ಮನುಷ್ಯ ಒಂದು ತೊಟ್ಟು ಕಣ್ಣಿನ ಔಷಧಿಗೆ ಹೆದರುವುದೇ ಎಂದು ನಾನು ಚುಚ್ಚಿದೆ. ಆಗ ಮೇಜಿನ ಕಡೆ ನೋಡುತ್ತಾ ಹೇಳಿದರು.

“ಪ್ರಾಣುಕ್ಕೆದ್ರಲ್ಲ ಬೀಗ್ತಿ. ಕತ್ರಿ ಆಕ್ದಾಗ ಏನಾರ ಎಚ್ಚುಕಮ್ಮಿಯಾಗಿ ಕಣ್ಣೋದ್ರೆ, ಆ ಬಸ್ಸು ಎಂಗಿತ್ತು ಅಂತ ಇನ್ಯಾರಿಗ್ ಗೊತ್ತು?”

“ಈಗ್ ನಿಮಗ್ ಗೊತ್ತಾ? ನೀವು ನೇರಳೆ ಬಸ್ ಓಡುಸ್ತಿದ್ರಾ?”

ಒರಟಾಗಿಯೇ ಕೇಳಿದೆ. ಅವರ ಮುಖ ಬಾಡಿತು. ಆಡಿದ್ದು ಹೆಚ್ಚಾಯಿತು ಎನಿಸಿತು, ಆದರೆ ಆಡಿದ್ದನ್ನು ವಾಪಸ್ಸು ತೆಗೆದುಕೊಂಡು ನನಗೆ ಅಭ್ಯಾಸವಿಲ್ಲ. ಹಾಗಾಗಿ ಅದರ ಮೇಲೆ ಇನ್ನೊಂದು ಮಾತು ಪೇರಿಸಿದೆ. ಮೊದಲು ನನ್ನ ಕಣ್ಣು ಕೊಯ್ಯಲಿ, ನಾನು ಕುರುಡಿಯಾದರೆ ನೀವು ಮಾಡಿಸಿಕೊಳ್ಳಬೇಡಿ ಎಂದೆ. ದೊಡ್ಡ ತ್ಯಾಗ ಎಂದುಕೊಳ್ಳಬೇಡಿ. ಬಾಯಿಂದ ಬಂದುಬಿಟ್ಟಿತು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ನನ್ನ ಕಾಲು ನಡುಗುತ್ತಿದ್ದವು. ಆ ನಡುಕ ಬೀಗರಿಗೆ ಕಾಣದಿರಲಿ ಎಂದು ಬೇಡಿಕೊಂಡೆ. ಅವರ ಕಣ್ಣಿಗೆ ಪೊರೆಯಿದ್ದದ್ದು ಒಳ್ಳೆಯದೇ ಆಯಿತು.

ನನ್ನ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವಳು ಅಡಿಗೆಮನೆಗೆ ಹೋದೆ. ನಾಲ್ಕು ವರ್ಷ ನಾನು ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದೇನೆ ಎಂದು ಮೆರೆಯುತ್ತಿದ್ದ ಪಾತ್ರೆಗಳು ಸಾಲಾಗಿ ಕೂತಿದ್ದವು. ಒಂದೊಂದರ ಬುಡಕ್ಕೂ ಮಸಿ, ಕಂಠಕ್ಕೆ ಜಿಡ್ಡು. ಪಕ್ಕದಲ್ಲಿ ಕೆಲವು ಮಾತ್ರ ಫಳಫಳ ಎನ್ನುತ್ತಿದ್ದವು. ಅವು ನಾನು ಮಲಗಿದ ಮೇಲೆ ಮಗಳು ಇನ್ನೊಮ್ಮೆ ತೊಳೆದಿಟ್ಟವಂತೆ. ಇಷ್ಟು ವರ್ಷ ಒಂದು ಮಾತೂ ಆಡಿರಲಿಲ್ಲ ಅವಳು. ಬೀಗರ ಕೊಳೆಯನ್ನು ಆಡಿಕೊಂಡು ನಗುತ್ತಿದ್ದವಳು, ಅವರ ಮಗನ ಮನೆಯ ಪಾತ್ರೆಗೆಲ್ಲ ಅವರಿಗಿಂತ ಚೆನ್ನಾಗಿ ಕೊಳೆ ಕೂರಿಸಿದ್ದೆ. ಅದೂ ಟ್ಯೂಬಿಲ್ಲದೆ, ಬ್ರಶ್ಶಿಲ್ಲದೆ!

ಹೋಗಿ ಬೀಗರಿಗೆ ಅದನ್ನೇ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ನಕ್ಕು ಮುಗಿಸಿ, ನಾಳೆ ನನ್ನನ್ನೂ ಕರೆದುಕೊಂಡು ಹೋಗು ಎಂದು ಮಗನಿಗೆ ಹೇಳಿದರು.

ಅವರ ಕಣ್ಣೂ ಚೆನ್ನಾಗಿ ಬಂತು. ಬಂದ ಮೇಲೆ ಮೊದಲ ದಿನವೇ ಸೀಮೆಎಣ್ಣೆ ಬಾಟಲಿ ಕೇಳಿ ಪಡೆದು ನೇರಳೆಯನ್ನೆಲ್ಲ ತಾವೇ ಒರೆಸಿದರು. ಮತ್ತೆ ರಟ್ಟು, ಮತ್ತೆ ಹಲ್ಲುಕಡ್ಡಿ, ಮತ್ತೆ ಗಡ್ಡದವನಿಗೆ ಹೂಂ ಹೂಂ. ನನ್ನನ್ನು ಹತ್ತಿರ ಕರೆಯಲಿಲ್ಲ. ನಾನೂ ಹೋಗಲಿಲ್ಲ, ಪಾತ್ರೆ ಉಜ್ಜುವುದೇ ಬೇಕಾದಷ್ಟಿತ್ತು. ದೂರದಿಂದ ನೋಡುತ್ತಿದ್ದೆ. ಬಾಗಿಲ ಹಿಡಿಯ ಹತ್ತಿರ ಕೈ ತಾಗಿ ತಾಗಿ ಬಣ್ಣ ಸವೆದ ಹಾಗೆ, ಏಣಿಯ ಕೆಳಗೆ ತುಕ್ಕು ಇಳಿದ ಹಾಗೆ, ಚಕ್ರದ ಮೇಲೆ ನಾಗಮಂಗಲದ ಕೆಂಪು, ಅದರ ಮೇಲೆ ನಾಲೆ ಬಯಲಿನ ಕಪ್ಪು. ಈ ಸಲ ಕಪ್ಪು ಕಪ್ಪೇ ಆಗಿತ್ತು.

ಇಪ್ಪತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಕರೆದರು. ಬಸ್ಸು ಮುಗಿದ ಹಾಗೆಯೇ ಕಾಣುತ್ತಿತ್ತು. ಎಡಗಡೆ ಮೂರನೇ ಕಿಟಕಿಯ ಕೆಳಗೆ, ಕೆನೆ ಬಣ್ಣದ ಪಟ್ಟಿಯ ಮೇಲೆ, ಬೆರಳಗಲ ಜಾಗ ಮಾತ್ರ ಖಾಲಿ ಬಿಟ್ಟಿದ್ದರು.

“ಇದೊಂದು ಉಳ್ಕಂಡೈತೆ. ಈ ಬಣ್ಣ ನೀವೇ ಯೋಳ್ಬೇಕು” ಎಂದರು.

“ನನಗೆಂಗ್ ಗೊತ್ತು? ಬಸ್ ಓಡ್ಸಿದೋರು ನೀವು.”

“ಆವತ್ತು ಬೆಳಿಗ್ಗೆ ಏನುಂಡಿದ್ರಿ?”

ಯಾವತ್ತು ಎಂದು ಕೇಳಿದೆ. ಬೀಗರು ಬ್ರಶ್ಶು ಕೆಳಗಿಟ್ಟು ನಿಧಾನವಾಗಿ ಹೇಳಿದರು. ನಲವತ್ತು ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ, ಕೆ.ಆರ್. ಪೇಟೆಯಲ್ಲಿ ಒಬ್ಬಳೇ ಹೆಂಗಸು ಹತ್ತಿದಳಂತೆ. ನಾಗಮಂಗಲ ಇನ್ನೂ ದೂರವಿರುವಾಗಲೇ ಕಿಟಕಿಯಿಂದ ತಲೆ ಹಾಕಿ ವಾಂತಿ ಮಾಡಿಕೊಂಡಳಂತೆ. ಕಂಡಕ್ಟರು ಬಸ್ಸೆಲ್ಲ ಗಲೀಜು ಮಾಡಿದೆ ಎಂದು ರೇಗಿದನಂತೆ.

ನನಗೆ ನೆನಪಾಯಿತು. ನೆನಪಾಯಿತು ಎನ್ನುವುದೇನು, ಅದು ಮರೆತೇ ಇರಲಿಲ್ಲ. ಅತ್ತೆಯ ಜೊತೆ ಜಗಳವಾಡಿಕೊಂಡು, ಗಂಡನಿಗೂ ಹೇಳದೆ ತವರಿಗೆ ಹೊರಟಿದ್ದೆ. ಆಗ ನನಗೆ ಮೂರು ತಿಂಗಳು, ಹೊಟ್ಟೆಯಲ್ಲಿದ್ದವಳು ನನ್ನ ಈ ಮಗಳು. ಬಸ್ಸು ಒಂದು ಹೊಂಗೆ ಮರದ ಕೆಳಗೆ ನಿಂತಿತು. ಮುಂದಿನಿಂದ ಡ್ರೈವರನ ಗಂಟಲು ಕೇಳಿಸಿತು, “ಬಸ್ ತೊಳ್ಯೋನು ನಾನು, ನೀನ್ಯಾಕ್ಲಾ ಬಡ್ಕತೀಯ? ಆ ಎಣ್ಮಗ ಸುದಾರುಸ್ಕಳ್ಳಿ, ಆಮೇಲ್ ಓಗಣ.” ಬಸ್ಸಿನ ತುಂಬ ಜನ, ಬಿಸಿಲು, ಎಲ್ಲರೂ ನನಗಾಗಿ ಕಾದರು. ಆವತ್ತು ಇಡೀ ದಿನದಲ್ಲಿ ನನ್ನ ಪರವಾಗಿ ಯಾರಾದರೂ ಆಡಿದ ಮಾತು ಅದೊಂದೇ. ಆಡಿದವರ ಮುಖವನ್ನು ನಾನು ನೋಡಲಿಲ್ಲ. ನನ್ನ ತಲೆ ಕಿಟಕಿಯಾಚೆ ಇತ್ತು.

“ನಾನೇ ಅಂತ ಎಂಗ್ ಗೊತ್ತಾಯ್ತು?” ಎಂದೆ.

“ಎಣ್ ನೋಡಕೆ ಬಂದಾಗ ಒಳಗೆ ಯಾರ್ನೋ ಬೈತಿದ್ರಲ್ಲ, ಆ ಗಂಟ್ಲು ಕೇಳ್ದೇಟ್ಗೇ ಗೊತ್ತಾಯ್ತು. ಆವತ್ತೂ ವಾಂತಿ ನಡುನಡುವೆ ಕಂಡಕ್ಟ್ರುನ್ನ ಇಂಗೇ ಬೈದ್ರಿ. ಬೀಗ್ತಿ ಆಗೋರ್ಗೆ ಅದ್ನೆಲ್ಲ ಎಂಗ್ ಯೋಳದು ಅಂತ ಸುಮ್ನಾದೆ.”

ಆ ಸಂಜೆ ಶ್ರೀರಂಗಪಟ್ಟಣದ ಹೊಳೆ ಹತ್ತಿರ ಬಸ್ಸು ತೊಳೆದರಂತೆ. ಎಲ್ಲ ಹೋಯಿತು, ಕೆನೆ ಪಟ್ಟಿಯ ಮೇಲೆ ಒಂದು ಹಳದಿ ಗೆರೆ ಮಾತ್ರ ಹೋಗಲಿಲ್ಲವಂತೆ. ಮಾಸುತ್ತಾ ಮಾಸುತ್ತಾ ಕೊನೆಯವರೆಗೂ ಇತ್ತಂತೆ.

ನಾನು ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಇಷ್ಟೇ. “ಮಾವಿನಕಾಯಿ ಚಿತ್ರಾನ್ನ. ಅತ್ತೆ ಮೇಲಿನ್ ಸಿಟ್ಗೆ ಮೂರು ತಟ್ಟೆ ತಿಂದಿದ್ದೆ. ಅರಿಸ್ಣ ಎಚ್ಚಾಗಿತ್ತು.”

ಅವರು ಟ್ಯೂಬುಗಳನ್ನು ನನ್ನ ಮುಂದೆ ಸರಿಸಿದರು. ಅರಿಶಿನದ್ದನ್ನು ಆರಿಸಿದೆ, ಅದಕ್ಕೆ ಸಾಸಿವೆಯಷ್ಟು ಬಿಳಿ ಸೇರಿಸಿದೆ. ಬ್ರಶ್ಶನ್ನೂ ನನ್ನ ಕೈಗೇ ಕೊಟ್ಟರು. ಚುಕ್ಕಿ ಇಟ್ಟು ಕೆಳಕ್ಕೆ ಎಳೆಯಲು ಹೋದೆ. ಅವರು ನನ್ನ ಕೈ ತಡೆದು, ನೆಟ್ಟಗಲ್ಲ, ಹಿಂದಕ್ಕೆ ಓರೆಯಾಗಿ ಎಳೆಯಿರಿ, ಬಸ್ಸು ಓಡುತ್ತಿತ್ತಲ್ಲ ಎಂದರು. ಓರೆಯಾಗಿ ಎಳೆದೆ.

ಸಂಜೆ ಮಗಳು ಬಂದು ಬಸ್ಸನ್ನು ಸುತ್ತಲೂ ನೋಡಿದಳು. ಎಲ್ಲ ಬಹಳ ಚೆನ್ನಾಗಿ ಬಂದಿದೆ ಮಾವ ಎಂದಳು. ಆಮೇಲೆ ಮೂರನೇ ಕಿಟಕಿಯ ಹತ್ತಿರ ಬಗ್ಗಿ, ಇಲ್ಲೇನೋ ಹಳದಿ ಚೆಲ್ಲಿದೆಯಲ್ಲ, ಒರೆಸಿಬಿಡಲೇ ಎಂದು ಸೆರಗಿನ ತುದಿ ಹಿಡಿದು ಕೈ ಚಾಚಿದಳು. ಬೀಗರು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ, ಇಬ್ಬರೂ ಒಟ್ಟಿಗೇ ಅವಳ ಕೈ ಹಿಡಿದುಕೊಂಡೆವು.

“ಮುಟ್ಬ್ಯಾಡ, ಇನ್ನೂ ಒಣಗಿಲ್ಲ” ಎಂದೆ. “ಅದು ನೀನೇ ಕಣೆ.”